ಒಂದೂವರೆ ಗೇಣು

“ಎಷ್ಟಿವೆ?” ಹಾರ್ಲನ್ ಪಿಸುಗುಟ್ಟಿದ.

“ಹತ್ತೋ ಹನ್ನೊಂದೋ,” ಎಂದಳು ಮಗಳು ಮಾರ್ಲಿಸ್. “ಎಲ್ಲಾ ಹೆಣ್ಣೇ. ಮುಂದಿರೋದು ಒಳ್ಳೆ ಮೈ ತುಂಬ್ಕೊಂಡಿದೆ.”

“ನಂಗೇನು ಕಾಣಲ್ವಾ? ನಿಂಗೆ ಕಾಣುತ್ತಾ ಅಂತ ಕೇಳ್ದೆ.”

ಅವನಿಗೆ ಕಾಣುತ್ತಿರಲಿಲ್ಲ. ಹಳ್ಳದಾಚೆಯ ಇಳಿಜಾರಿನಲ್ಲಿ ಹಿಮ ಕೆದರಿ ಮೇಯುತ್ತಿದ್ದ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡು ಅವನ ಪಾಲಿಗೆ ಬಿಳಿ ಗೋಡೆಯ ಮೇಲಿನ ಕಂದು ಕಲೆ. ಮುದುಕನ ಎರಡೂ ಕಣ್ಣುಗಳ ನಟ್ಟನಡುವೆ ಮಸುಕು ಕೂತು ವರ್ಷಗಳಾಗಿದ್ದವು. ಅಂಚಿನಲ್ಲಿ ಮಾತ್ರ ಲೋಕ ಸ್ವಚ್ಛವಾಗಿತ್ತು. ಏನನ್ನಾದರೂ ನೋಡಬೇಕಾದರೆ ಕಾಳು ಹುಡುಕುವ ಕೋಳಿಯ ಹಾಗೆ ತಲೆ ಓರೆ ಮಾಡುತ್ತಿದ್ದ. ಕೇಳಿದರೆ ಕನ್ನಡಕ ಹಳೆಯದಾಯಿತು ಎನ್ನುವನು. ಹೊಸದು ಮಾಡಿಸು ಎಂದರೆ ಪಟ್ಟಣದಲ್ಲಿ ಪಿಕಪ್ ನಿಲ್ಲಿಸಲು ಜಾಗವಿಲ್ಲ ಎನ್ನುವನು. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಹಾರ್ಲನ್‌ನ ಸುಳ್ಳಿಗೆ ಅವನ ಮಗ ಕಿಪ್ ಕಾಲಾಗಿದ್ದ.

ಕಿಪ್ ಏಪ್ರಿಲ್‌ನಲ್ಲಿ ಸತ್ತ. ಲಾರಿಗೆ ಮರದ ದಿಮ್ಮಿ ಹೇರುವಾಗ ಮೇಲಿನದೊಂದು ಜಾರಿತು, ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಲು ಅಪ್ಪನಿಗಾಗಲಿ ಮಗಳಿಗಾಗಲಿ ಈವರೆಗೆ ಬಾಯಿ ಬಂದಿರಲಿಲ್ಲ. ಊರವರು ತಂದು ಕೊಟ್ಟ ಆಲೂಗಡ್ಡೆ, ಚೀಸ್, ಹುರುಳಿಕಾಯಿ ಬೇಯಿಸಿದ ತಟ್ಟೆಗಳು ಫ್ರೀಜರ್ ತುಂಬಿದವು. ಇಬ್ಬರೂ ಎದುರುಬದುರು ಕೂತು ಅವನ್ನೇ ಬೇಸಿಗೆಯ ತನಕ ತಿಂದರು. ಮಾರ್ಲಿಸ್ ಎಂದಿನಂತೆ ಶಾಲೆಯ ಅಡುಗೆಮನೆಗೆ ಹೋಗಿ ಮಕ್ಕಳಿಗೆ ಊಟ ಬಡಿಸಿ ಬಂದಳು. ಅಳು ಬರುತ್ತದೆ ಎಂದು ಬಸ್ಸಿಗೆ ಕಾದ ಹಾಗೆ ಕಾದಳು. ಆಮೇಲೆ ಕಾಯುವುದನ್ನೂ ಬಿಟ್ಟಳು. ದುಃಖವಾದರೂ ಇದ್ದಿದ್ದರೆ ಹಿಡಿದುಕೊಳ್ಳಲು ಏನೋ ಒಂದು ಇರುತ್ತಿತ್ತು. ಇದ್ದದ್ದು ಬರೀ ಜೋಮು.

“ಹೋಗು, ಹಿಂದೆ ಕೂತ್ಕೋ,” ಎಂದ ಹಾರ್ಲನ್. “ಕಿಪ್ ಕೂರ್ತಿದ್ದ ಜಾಗದಲ್ಲಿ. ಪಕ್ಕದಲ್ಲಿದ್ರೆ ನಂಗೆ ಕೈ ಆಡಲ್ಲ.”

ಅವಳು ತೆವಳಿಕೊಂಡು ಹಿಂದೆ ಸರಿದಳು. ಬಿದ್ದ ಪೈನ್ ಮರವೊಂದು ಅಡ್ಡಲಾಗಿತ್ತು. ಅದರ ಮೇಲೆ ಬಂದೂಕು ಊರಿದಳು. ಬಂದೂಕು ಕಿಪ್‌ನದು. ಅಪ್ಪನೇ ಎಣ್ಣೆ ಹಚ್ಚಿ ಒರೆಸಿ, ಏನೂ ಹೇಳದೆ, ಮೊನ್ನೆ ಅವಳ ಕೋಣೆಯ ಬಾಗಿಲಿಗೆ ಒರಗಿಸಿಟ್ಟು ಹೋಗಿದ್ದ.

ಕಿಪ್ ಗುಟ್ಟು ಬಿಟ್ಟುಕೊಟ್ಟದ್ದು ಹೋದ ಚಳಿಗಾಲ, ಶೆಡ್ಡಿನಲ್ಲಿ ಮಾಂಸ ಕೊಯ್ಯುತ್ತ ನಿಂತಿದ್ದಾಗ. ನಗುತ್ತಲೇ ಹೇಳಿದ್ದ. “ಅಪ್ಪಂಗೆ ಕಣ್ಣು ಹೋಗಿದೆ ಕಣೇ ಅಕ್ಕ. ಎಲ್ಕ್ ಮೇಲೆ ಗುರಿ ಇಡಲ್ಲ, ಬೆಟ್ಟದ ಮೇಲೆ ಇಡ್ತಾನೆ. ಅವನ ಗುಂಡು ಕೇಳಿದ ತಕ್ಷಣ ನಾನು ಹಿಂದಿಂದ ಹೊಡೀತೀನಿ. ಅವನ ಕಿವಿ ಅವನ ಬಂದೂಕಿಂದಲೇ ಗುಂಯ್ ಅಂತಿರುತ್ತೆ. ಎರಡನೇ ಸದ್ದು ಏನೋ ಅಂತ ಕೇಳ್ದ. ಎದುರಿನ ಬಂಡೆ ಕಣಪ್ಪ, ಮಾರ್ದನಿ ಅಂದೆ. ನಂಬಿಬಿಟ್ಟ!”

“ಎಷ್ಟು ವರ್ಷದಿಂದ?”

“ಇದು ನಾಲ್ಕನೇದು. ಬಾಯಿ ಬಿಟ್ಟೀಯ, ಹುಷಾರು. ಬಂದೂಕು ಕೆಳಗಿಟ್ಟ ದಿನ ಅಪ್ಪ ಹಾಸಿಗೆ ಹಿಡೀತಾನೆ.”

ಈ ವರ್ಷ ಆ ಕೆಲಸ ಅವಳದು. ಯಾರೂ ವಹಿಸಿರಲಿಲ್ಲ, ಮಾಡದೆ ಬೇರೆ ದಾರಿಯೂ ಇರಲಿಲ್ಲ. ಕಡಾಯಿ ಕೆಳಗಿನ ಉರಿ ಸಣ್ಣ ಮಾಡುವಷ್ಟೇ ಸಲೀಸಾಗಿ ಅವಳು ಇದನ್ನೂ ಒಪ್ಪಿಕೊಂಡಿದ್ದಳು. ಗುರಿ ಅವಳಿಗೆ ಹೊಸದಲ್ಲ, ಈ ಮನೆಯಲ್ಲಿ ಹುಟ್ಟಿದವರಿಗೆ ಹಲ್ಲು ಬರುವ ಮೊದಲೇ ಬಂದೂಕು ಬರುತ್ತದೆ. ದೊಡ್ಡ ಹೆಣ್ಣು ಅಡ್ಡ ತಿರುಗಿ ನಿಂತಿತು. ಮುಂಗಾಲು ಒಂದು ಹೆಜ್ಜೆ ಮುಂದಿಟ್ಟಿತು. ಅದೇ ಹದ. ಕಾಲಿನ ಹಿಂದಿನ ಮಡಿಕೆಯಿಂದ ನೇರ ಮೇಲಕ್ಕೆ, ಎದೆಯ ಆಳದ ಮೂರನೇ ಒಂದು ಪಾಲು ಎತ್ತರದಲ್ಲಿ ಅಂಗೈಯಗಲದ ಜಾಗ. ಒಳಗೆ ಎರಡು ಶ್ವಾಸಕೋಶ, ಕೆಳಗೆ ಹೃದಯ. ಅಲ್ಲಿ ಬಿದ್ದರೆ ಪ್ರಾಣಿಗೆ ತಾನು ಸತ್ತದ್ದೇ ಗೊತ್ತಾಗುವುದಿಲ್ಲ. ಬಂದೂಕಿನ ಮೇಲಿನ ದುರ್ಬೀನಿನ ಗೆರೆಗಳು ಅಲ್ಲಿ ಬಂದು ಕೂತವು. ಬೆರಳು ಗುಂಡು ಹಾರಿಸುವ ಕುದುರೆಯ ಮೇಲಿತ್ತು.

ಹಾರ್ಲನ್‌ನ ಬಂದೂಕು ಸಿಡಿಯಿತು.

ಮಾರ್ಲಿಸ್‌ಳ ಬೆರಳು ಅಲುಗಲಿಲ್ಲ. ಅವಳು ಬೇಡವೆಂದುಕೊಳ್ಳಲಿಲ್ಲ, ಹೆದರಲಿಲ್ಲ, ಯೋಚಿಸಲೂ ಇಲ್ಲ. ಬೆರಳು ಇನ್ನಾರದೋ ಕೈಯದೆಂಬಂತೆ ಅಲ್ಲೇ ಇತ್ತು, ಅವಳು ನೋಡುತ್ತಿದ್ದಳು. ಎಲ್ಕ್ ಹಾರಲಿಲ್ಲ, ಒದೆಯಲಿಲ್ಲ. ಬೆನ್ನನ್ನು ಬಿಲ್ಲಿನಂತೆ ಮೇಲಕ್ಕೆ ಬಾಗಿಸಿತು. ಉಳಿದವು ಹಿಮ ಚಿಮ್ಮಿಸಿ ಓಡಿದವು. ಇದು ತಲೆ ತಗ್ಗಿಸಿ, ಹೊಟ್ಟೆನೋವಿನ ಹೆಂಗಸಿನ ಹಾಗೆ ಮೆಲ್ಲಮೆಲ್ಲನೆ ನಡೆದು ಮರಗಳ ಒಳಗೆ ಹೋಯಿತು. ಆಗಲೂ ಹೊಡೆಯಲು ಪುರುಸೊತ್ತಿತ್ತು. ಅವಳು ಹೊಡೆಯಲಿಲ್ಲ.

ಬಂಡೆಯ ಮಾರ್ದನಿ ಬಂತು. ತಡವಾಗಿ, ದೂರದಿಂದ, ತೆಳ್ಳಗೆ.

ಹಾರ್ಲನ್ ತಲೆ ಓರೆ ಮಾಡಿ ಅದನ್ನು ಕೇಳಿಸಿಕೊಂಡ. ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದ. “ಹೇಗೆ ಬಿತ್ತು?” ಎಂದು ಕೇಳಿದ.

“ಮರದೊಳಗೆ ಹೋಯ್ತು.”

“ಓಡ್ತಾ, ನಡೀತಾ?”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಓಡಿತು ಎಂದರೆ ಎದೆಗೆ ಬಿದ್ದ ಗುಂಡು. ಅಪ್ಪ ಈಗಲೇ ಎದ್ದು ಹೊರಡುತ್ತಾನೆ. ಹೊಟ್ಟೆಗೆ ಗುಂಡು ಬಿದ್ದ ಪ್ರಾಣಿಯ ಬೆನ್ನು ಹತ್ತಿದರೆ ಅದು ಉಳಿದ ಜೀವವನ್ನೆಲ್ಲ ಕಾಲಿಗೆ ಹಾಕಿ ಬೆಟ್ಟ ದಾಟುತ್ತದೆ, ಎಲ್ಲೋ ಸಾಯುತ್ತದೆ, ಮಾಂಸ ನರಿಗೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. “ನಡೀತಾ,” ಎಂದಳು.

ಮುದುಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ, “ಸೂರ್ಯ ಕಣ್ಣಿಗೆ ಹೊಡೀತಿತ್ತು,” ಎಂದ. ಸೂರ್ಯ ಇನ್ನೂ ಅವರ ಬೆನ್ನ ಹಿಂದಿನ ಬೆಟ್ಟ ಹತ್ತಿರಲಿಲ್ಲ. “ಕಾಯೋಣ. ಕಾಫಿ ತೆಗಿ.”

ಕಾದರು. ಮೊಂಟಾನಾದ ನವೆಂಬರಿನಲ್ಲಿ ಕಾಯುವುದೆಂದರೆ ಕೂತಲ್ಲೇ ಕಲ್ಲಾಗುವುದು. ಫ್ಲಾಸ್ಕಿನ ಕಾಫಿ ಮುಗಿಯಿತು. ಬ್ರೆಡ್ಡಿನ ನಡುವಿನ ಬೆಣ್ಣೆ ಹೆಪ್ಪುಗಟ್ಟಿ ಮೇಣವಾಗಿತ್ತು, ಅದನ್ನೂ ತಿಂದರು. ಮರದೊಳಗೆ ಒಂದು ಜೀವ ಹೊಟ್ಟೆ ಒಡೆದುಕೊಂಡು ಮಲಗಿದೆ, ಮಲಗಿಸಿದವಳು ತಾನು ಎಂದು ಮಾರ್ಲಿಸ್ ಮನಸ್ಸಿನಲ್ಲೇ ಹೇಳಿಕೊಂಡಳು. ಏನಾದರೂ ಚುಚ್ಚುತ್ತದೆಯೋ ನೋಡೋಣವೆಂದು ಇನ್ನೊಮ್ಮೆ ಹೇಳಿಕೊಂಡಳು. ಚುಚ್ಚಲಿಲ್ಲ.

“ಹೋದ ವರ್ಷ ಇಷ್ಟೊತ್ತಿಗೆ ಚರ್ಮ ಬಿಡಿಸಿ ಆಗಿತ್ತು,” ಎಂದ ಹಾರ್ಲನ್. “ಪಕ್ಕದ್ಮನೆ ಡ್ವೈಟ್ ಹೇಸರಗತ್ತೆ ತಂದಿದ್ನಲ್ಲ, ಮಾಂಸ ಹೊರೋಕೆ. ಗುಂಡು ಬಿದ್ದ ಜಾಗ ನೋಡಿ ಏನಂದ ಗೊತ್ತಾ? ‘ಹಾರ್ಲನ್, ನಿನ್ನ ಕಣ್ಣು ಮಾರೋದಾದ್ರೆ ಮೊದ್ಲು ನಂಗೆ ಹೇಳಯ್ಯ’ ಅಂದ.”

“ಹ್ಞೂಂ, ಹೇಳಿದ್ದೆ ನೀನು.”

“ಊರೆಲ್ಲ ಹೇಳಿದ್ದೆ.”

ಬಿಸಿಲು ಹಳ್ಳಕ್ಕೆ ಇಳಿದ ಮೇಲೆ ಎದ್ದರು. ಹಳ್ಳದ ಅಂಚಿನ ಮಂಜುಗಡ್ಡೆ ಕಾಲಿಗೆ ಮುರಿಯಿತು. ಎಲ್ಕ್ ನಿಂತಿದ್ದ ಜಾಗ ಸಿಕ್ಕಿತು. ಗುಂಡು ಕತ್ತರಿಸಿದ ಕೂದಲು ಹಿಮದ ಮೇಲೆ ಚೆಲ್ಲಿತ್ತು. ಮಾರ್ಲಿಸ್ ಬಾಯಿ ತೆರೆಯುವ ಮೊದಲೇ ಹಾರ್ಲನ್ ಮಂಡಿಯೂರಿದ. ಕೈಗವುಸು ಬಿಚ್ಚಿ ಹಿಮವನ್ನು ತಡವಿದ. ಕೂದಲನ್ನು ಬೆರಳುಗಳ ನಡುವೆ ಹೊಸೆದ. ಅಲ್ಲಿಂದ ನಾಲ್ಕು ಮಾರು ಮುಂದೆ ಮೊದಲ ನೆತ್ತರು, ಎರಡೇ ಹನಿ. ಗುಲಾಬಿ ಬಣ್ಣದ ನೊರೆಯಾಗಿದ್ದರೆ ಶ್ವಾಸಕೋಶ. ಇದು ಕಪ್ಪಾಗಿತ್ತು, ಅದರೊಳಗೆ ಅಗಿದ ಹುಲ್ಲಿನ ಹಸಿರು ತುಣುಕು. ಹಾರ್ಲನ್ ಅದನ್ನು ಬೆರಳಿಗೆ ಹಚ್ಚಿಕೊಂಡು ಮೂಗಿನ ಹತ್ತಿರ ಹಿಡಿದ.

ಮೂಗು ಯಾರ ಮಾತಿಗೂ ಮರುಳಾಗುವುದಿಲ್ಲ.

“ಹೊಟ್ಟೆ,” ಎಂದ. ಬೆರಳನ್ನು ಹಿಮದಲ್ಲಿ ಒರೆಸಿದ, ಮತ್ತೆ ಒರೆಸಿದ. “ಹುಡುಗ ಆಗಿದ್ದಾಗ ಒಂದ್ಸಲ ಹೀಗೆ ಮಾಡಿದ್ದೆ. ನಮ್ಮಪ್ಪ ಆ ಇಡೀ ಚಳಿಗಾಲ ಬಂದೂಕು ಮುಟ್ಟೋಕೆ ಬಿಡ್ಲಿಲ್ಲ.”

ಮಾರ್ಲಿಸ್ ಆ ಕಪ್ಪು ಹನಿಗಳ ಮೇಲೆ ಬೂಟಿನ ತುದಿಯಿಂದ ಹಿಮ ಎಳೆದಳು.

“ಮಾರ್ದನಿ ಯಾಕೆ ಹಾಗೆ ಬಂತು ಇವತ್ತು?”

“ಹೇಗೆ?”

“ಗೊತ್ತಿಲ್ದೋರ ಥರ ಕೇಳ್ಬೇಡ ಮಗಾ. ಬೇರೆ ವರ್ಷ ನನ್ನ ಗುಂಡಿಗೆ ಒತ್ಕೊಂಡೇ ಬರ್ತಿತ್ತು. ಇವತ್ತು ಊರೆಲ್ಲ ಸುತ್ತಾಡ್ಕೊಂಡು ಬಂತು.” ಅವನು ಎದುರಿನ ಬಂಡೆಯ ಕಡೆಗೆ ಮುಖ ತಿರುಗಿಸಿದ. ಬಂಡೆ ಅಲ್ಲೇ ಇತ್ತು, ಎಂದಿನಷ್ಟೇ ದೂರದಲ್ಲಿ. “ಕಿಪ್ ಇದ್ದಾಗ ಒಂದು ಥರ, ಕಿಪ್ ಇಲ್ದಾಗ ಒಂದು ಥರ ಕೂಗೋಕೆ ಬಂಡೆಗೇನು ಬಂಧುತ್ವ?”

ಅವನು ಉತ್ತರಕ್ಕೆ ಕಾದ. ಬೇರೆ ದಿನವಾಗಿದ್ದರೆ ಅವಳಿಗೆ ಎದೆ ಹೊಡೆದುಕೊಳ್ಳುತ್ತಿತ್ತು.

“ನಾಲ್ಕು ವರ್ಷ,” ಎಂದಳು. “ಅವನೇ ಹೊಡೀತಿದ್ದ. ಈ ವರ್ಷ ನಾನು ಹೊಡೀಬೇಕಿತ್ತು. ಬೆರಳು ಬರ್ಲಿಲ್ಲ ಅಪ್ಪ.”

ಬೈಯಲಿ ಎಂದು ಅವಳು ಕಾದಳು. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಬಿಸಾಡುವ ಮನುಷ್ಯ ಅವನು. ಒಮ್ಮೆ ಕೋಳಿಗೂಡಿನ ಬಾಗಿಲನ್ನೇ ಕಿತ್ತು ಎಸೆದಿದ್ದ. ಆದರೆ ಅವನು ಮಂಡಿಯೂರಿದಲ್ಲಿಂದ ಎದ್ದು, ಮೊಣಕಾಲಿನ ಹಿಮ ಕೊಡವಿಕೊಂಡ. ಎರಡೂ ಮೊಣಕಾಲು, ಒಂದಾದ ಮೇಲೊಂದು, ನಿಧಾನಕ್ಕೆ.

“ಡ್ವೈಟ್ ಮುಂದೆ ಮೀಸೆ ತಿರುವಿದ್ನಲ್ಲೇ ನಾನು,” ಎಂದ. “ಕಿಪ್ ಪಕ್ಕದಲ್ಲೇ ನಿಂತಿದ್ದ. ನಗ್ತಾ ಇದ್ದ. ನನ್ನ ಗುರಿ ನೋಡಿ ಖುಷಿ ಆಗಿ ನಗ್ತಿದ್ದಾನೆ ಅಂದ್ಕೊಂಡಿದ್ದೆ.”

“ಖುಷೀಲೇ ನಗ್ತಿದ್ದ.”

ಹಾರ್ಲನ್ ಬಂದೂಕನ್ನು ಹೆಗಲಿಗೆ ಏರಿಸಿಕೊಂಡ. “ಹೆಜ್ಜೆ ಹಿಡಿ. ಅದು ಅಲ್ಲಿ ನರಳ್ತಾ ಇದೆ,” ಎಂದ.

ಅವಳು ಮುಂದೆ, ಅವನು ಹಿಂದೆ. ಹೆಜ್ಜೆಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಒಂದು ಗೊರಸು ಹಿಮದಲ್ಲಿ ಗೆರೆ ಎಳೆದುಕೊಂಡು ಹೋಗಿತ್ತು. ಒಂದು ಕಡೆ ಮಲಗಿ ಎದ್ದಿತ್ತು. ಹಿಮ ಕರಗಿ ಹೊಂಡವಾಗಿ ಅದರ ತಳ ಹಸಿರುಗಪ್ಪಾಗಿತ್ತು. ಅಲ್ಲಿಂದ ಮೂವತ್ತು ಮಾರು ಮೇಲೆ, ಮುರಿದ ಫರ್ ಮರದ ಬುಡದಲ್ಲಿ, ಕಿವಿಗಳು ಕಂಡವು.

ಮಾರ್ಲಿಸ್ ಕೈ ಎತ್ತಿ ನಿಂತಳು. ಅವನು ಅವಳ ಬೆನ್ನಿಗೆ ತಾಗಿ ನಿಂತ.

“ಎಲ್ಲಿದೆ?” ಈ ಸಲ ಅವಳನ್ನು ಪರೀಕ್ಷಿಸುವ ಧ್ವನಿಯಿರಲಿಲ್ಲ. ಗೊತ್ತಿಲ್ಲದವನು ಕೇಳುವ ಹಾಗೆ ಕೇಳಿದ.

“ಮರದ ಬುಡದಲ್ಲಿ. ಮಲಗಿದೆ. ತಲೆ ಎತ್ಕೊಂಡಿದೆ, ನಮ್ಮ ಕಡೇನೇ ನೋಡ್ತಿದೆ.”

“ಏಳೋಕೆ ನೋಡ್ತಿದೆಯಾ?”

“ಇಲ್ಲ.”

“ಮೈ ಯಾವ ಕಡೆಗಿದೆ?”

“ಅಡ್ಡ. ಎಡಗಡೆ ಪಕ್ಕೆ ನಮಗೆ.”

“ಮುಂಗಾಲು ಮಡಚಿರುತ್ತೆ, ಮೊಣಕೈ ಮೇಲಕ್ಕೆ ಬಂದಿರುತ್ತೆ. ನಿಂತಾಗಿನ ಲೆಕ್ಕ ಹಾಕ್ಬೇಡ. ಆ ಮೊಣಕೈ ಹಿಂದಕ್ಕೆ ಒಂದು ಅಂಗೈ ಇಡು, ಅಲ್ಲಿಗೆ ಹೊಡಿ. ತಲೆಗೆ ಹೊಡೀಬೇಡ, ಅದು ತಲೆ ತಿರುಗಿಸಿದ್ರೆ ದವಡೆ ಹೋಗುತ್ತೆ, ಇನ್ನೂ ಪಾಪ.” ಅವನ ಉಸಿರು ಅವಳ ಕಿವಿಗೆ ತಾಗುತ್ತಿತ್ತು. “ಕುತ್ಕೋ. ಮೊಣಕಾಲ ಮೇಲೆ ಮೊಣಕೈ. ಈಗ ಬೆರಳು ಬರುತ್ತಾ?”

“ಗೊತ್ತಿಲ್ಲ.”

“ಬರದಿದ್ರೆ ಬರದೇ ಒತ್ತು.”

ಅವಳು ಹಾಗೇ ಮಾಡಿದಳು. ಕಣ್ಣು ಗೆರೆಯ ಮೇಲಿತ್ತು, ಬೆರಳಿಗೆ ಏನೂ ಅನ್ನಿಸದೆಯೇ ಅವಳು ಅದನ್ನು ಹಿಂದಕ್ಕೆ ಎಳೆದಳು. ಎಲ್ಕ್‌ನ ತಲೆ ಮೆಲ್ಲಗೆ, ನಿದ್ದೆ ಬಂದ ಮಗುವಿನ ತಲೆಯಂತೆ, ಹಿಮಕ್ಕೆ ಇಳಿಯಿತು.

“ಎಲ್ಲಿ ಬಿತ್ತು?”

“ನೀನು ಹೇಳಿದಲ್ಲೇ.”

“ನನ್ನ ಸಮಾಧಾನಕ್ಕೆ ಹೇಳ್ತಿದ್ರೆ ಬೇಡ. ಅದನ್ನ ಕಿಪ್ ಬೇಕಾದಷ್ಟು ಮಾಡಿ ಹೋಗಿದ್ದಾನೆ.”

“ಬಂದು ಮುಟ್ಟಿ ನೋಡು ಹಾಗಾದ್ರೆ,” ಎಂದಳು ಅವಳು. ಅಂದ ಮೇಲೆ, ಒರಟಾಯಿತೇನೋ ಎಂದುಕೊಂಡಳು. ಅವನಿಗೆ ಬೇಸರವಾದ ಹಾಗೆ ಕಾಣಲಿಲ್ಲ.

ಎಲ್ಕ್ ಹೊಡೆಯುವುದು ಒಂದು ಗಳಿಗೆ, ಹೊರುವುದು ಒಂದು ದಿನ ಎಂಬುದು ಆ ಕಣಿವೆಯ ಗಾದೆ. ಕುದುರೆಯಷ್ಟು ಭಾರದ ಮೈಯನ್ನು ಇಬ್ಬರು ಸೇರಿ ಅಲ್ಲಾಡಿಸಲಾರರು, ಬಿದ್ದಲ್ಲೇ ಬಿಡಿಸಬೇಕು. ಚರ್ಮದೊಳಗೆ ಬಿಸಿ ನಿಂತರೆ ಎಂಥ ಚಳಿಯಲ್ಲೂ ತೊಡೆಯ ಮೂಳೆಯ ಸುತ್ತ ಮಾಂಸ ಹುಳಿಯಾಗುತ್ತದೆ, ಅದೂ ಹೊಟ್ಟೆ ಒಡೆದದ್ದಾದರೆ ಕೇಳುವುದೇ ಬೇಡ. ಹಾರ್ಲನ್ ಕೋಟು ಕಳಚಿ ತೋಳು ಮಡಚಿದ. ಹೊಟ್ಟೆಗೆ ಕೈ ಹಾಕದೆ ಬೆನ್ನಿನಿಂದಲೇ ಚರ್ಮ ಸೀಳಿದ. ಇಲ್ಲಿ ಅವನಿಗೆ ಕಣ್ಣು ಬೇಕಿರಲಿಲ್ಲ. ಹೆಬ್ಬೆರಳು ಕೀಲನ್ನು ಹುಡುಕುತ್ತಿತ್ತು, ಚಾಕು ಹೆಬ್ಬೆರಳ ಹಿಂದೆ ಹೋಗುತ್ತಿತ್ತು. ಮುಂಗಾಲು ಬಿಟ್ಟುಕೊಂಡು ಬಂತು. ಹಿಂದೊಡೆಯ ಗುಳಿಯೊಳಗೆ ಚಾಕುವಿನ ತುದಿ ಇಳಿಸಿ ಒಮ್ಮೆ ತಿರುವಿದ, ತೊಡೆ ಇಡಿಯಾಗಿ ಕಳಚಿತು. ಮೂಳೆಯ ತುದಿಗೆ ಮೂಗಿಟ್ಟು ಮೂಸಿದ.

“ಚೆನ್ನಾಗಿದೆ. ಚೀಲ ಹಿಡಿ.”

ಅವಳು ಬಿಳಿ ಬಟ್ಟೆಯ ಚೀಲ ಹಿಡಿದಳು. ತುಂಬಿದ್ದನ್ನು ಹಗ್ಗ ಹಾಕಿ ಕೊಂಬೆಗೆ ಎಳೆದು ಕಟ್ಟಿದಳು. ಬೆನ್ನಿನ ಉದ್ದ ಪಟ್ಟಿಗಳು ಬಂದವು, ಕುತ್ತಿಗೆಯ ಮಾಂಸ ಬಂತು. ಒಳಗಿನ ಎಳೆಯ ಮಾಂಸ ಹಾಳಾಗಿತ್ತು. ಹಬ್ಬದ ದಿನಕ್ಕೆಂದು ಎತ್ತಿಡುವ ಆ ತುಂಡಿಗೆ ಹೊಟ್ಟೆಯ ಹಸಿರು ಮೆತ್ತಿಕೊಂಡಿತ್ತು. ಹಾರ್ಲನ್ ಅದನ್ನು ತೊಳೆದು ನೋಡೋಣ ಎನ್ನಲಿಲ್ಲ, ಕತ್ತರಿಸಿ ದೂರ ಇಟ್ಟ. ಎರಡೂ ಗುಂಡು ಎಡಗಡೆಯಿಂದಲೇ ಹೊಕ್ಕಿದ್ದವು. ಆ ಪಕ್ಕದ ಚರ್ಮವನ್ನು ಹಿಮದ ಮೇಲೆ ಹರಡಿದಾಗ ಅವನು ಚಾಕು ಕೆಳಗಿಟ್ಟ.

ಕೈ ಚರ್ಮದ ಮೇಲೆ ಮುಂದಿನಿಂದ ಹಿಂದಕ್ಕೆ ಹರಿಯಿತು. ಭುಜದ ಹಿಂದೆ ಒಂದು ತೂತು ಸಿಕ್ಕಿತು. ತೋರುಬೆರಳು ಅದರೊಳಗೆ ಹೋಯಿತು.

“ಇದು ನಿಂದು,” ಎಂದ. “ಒಳ್ಳೆ ಜಾಗ.”

ಬೆರಳನ್ನು ತೆಗೆಯದೆ ಇನ್ನೊಂದು ಕೈಯಲ್ಲಿ ಹಿಂದಕ್ಕೆ ತಡವುತ್ತ ಹೋದ. ಪಕ್ಕೆಲುಬು ಮುಗಿಯುವಲ್ಲಿ ಸಿಗಲಿಲ್ಲ. ಇನ್ನೂ ಹಿಂದಕ್ಕೆ ಹೋದ. ಸಿಕ್ಕಿತು. ಮಾರ್ಲಿಸ್ ಹಗ್ಗ ಹಿಡಿದುಕೊಂಡೇ ನಿಂತು ನೋಡಿದಳು. ಅವನು ಹೆಬ್ಬೆರಳನ್ನು ಮುಂದಿನ ತೂತಿನ ಮೇಲಿಟ್ಟು ಕಿರುಬೆರಳನ್ನು ಚಾಚಿ ಗೇಣು ಹಾಕಿದ. ಸಾಲಲಿಲ್ಲ. ಕಿರುಬೆರಳಿದ್ದಲ್ಲಿಗೆ ಹೆಬ್ಬೆರಳು ತಂದು ಮತ್ತೆ ಅರ್ಧ ಗೇಣು ಅಳೆದ.

“ಒಂದೂವರೆ ಗೇಣು,” ಎಂದ.

ಅವನ ಕೈ ತನ್ನ ತೂತಿನ ಮೇಲೆ ಅಂಗೈ ಅಗಲಿಸಿ ಕೂತಿತ್ತು, ಒಸರುವ ಗಾಯವನ್ನು ಒತ್ತಿ ಹಿಡಿದ ಹಾಗೆ. ಮೇಲೆ ಕಾಗೆಗಳು ಬಂದು ಕೂತು ಗಲಾಟೆ ಮಾಡುತ್ತಿದ್ದವು. ಅವನು ಎಷ್ಟೋ ಹೊತ್ತು ಕೈ ತೆಗೆಯಲಿಲ್ಲ. ಅವಳು ಅವಸರ ಮಾಡಲಿಲ್ಲ.

ಆಮೇಲೆ ಹಿಮದಲ್ಲಿ ಕೈ ತೊಳೆದು ಕೋಟು ಹಾಕಿಕೊಂಡ. ಹಿಂದೊಡೆಗಳನ್ನು ಈಗ ಒಂದೊಂದು ಹೊತ್ತು ಇಳಿಯುವುದು, ಉಳಿದದ್ದಕ್ಕೆ ನಾಳೆ ಡ್ವೈಟ್‌ನ ಹೇಸರಗತ್ತೆ ಎಂದು ಮಾತಾಯಿತು.

“ಡ್ವೈಟ್‌ಗೆ ಏನು ಹೇಳೋದು?” ಎಂದಳು ಮಾರ್ಲಿಸ್.

“ನಮ್ಮ ಹುಡುಗಿ ಹೊಡೆದ್ಲು ಅಂತ ಹೇಳ್ತೀನಿ. ಮೊದಲನೇ ಗುಂಡು ಯಾರದು ಅಂತ ಕೇಳಿದ್ರೆ ಅದನ್ನೂ ಹೇಳ್ತೀನಿ.”

ಅವನು ಬಂದೂಕನ್ನು ಎತ್ತಿಕೊಂಡು ಚಿಲಕ ಎಳೆದ. ಒಂದೊಂದೇ ತೋಟಾ ಹಿಮಕ್ಕೆ ಬಿತ್ತು. ಬಗ್ಗಿ ಕೈಯಲ್ಲಿ ತಡವಿ ಆರಿಸಿದ. ಕೋಟಿನ ಜೇಬಿನಲ್ಲಿದ್ದ ಉಳಿದವನ್ನೂ ತೆಗೆದ, ಜೇಬಿನ ಮೂಲೆಗೆ ಬೆರಳು ಹಾಕಿ ಇನ್ನೊಂದಿದೆಯೋ ಎಂದು ನೋಡಿದ. ಎಲ್ಲವನ್ನೂ ಸೇರಿಸಿ ಅವಳ ಮುಂದೆ ಚಾಚಿದ.

“ತಗೋ. ಕಿಪ್‌ನ ಬಂದೂಕಿಗೂ ಇವೇ ಆಗ್ತವೆ.”

“ಅಪ್ಪ…”

“ತಗೋ ಅಂದೆ. ಕೈ ಸೋಲುತ್ತೆ.”

ಅವಳು ಬೊಗಸೆ ಒಡ್ಡಿದಳು. ಅವನು ಸುರಿದ. ಒಂದೂ ಹೊರಗೆ ಬೀಳಲಿಲ್ಲ. ಹಿಂದೊಡೆಯ ಹೊರೆಯನ್ನು ಬೆನ್ನಿಗೆ ಏರಿಸಿಕೊಂಡು, ಪಟ್ಟಿ ಬಿಗಿದು, ಬೆಳಿಗ್ಗೆ ಬಂದ ಹೆಜ್ಜೆಗಳನ್ನು ತಲೆ ಓರೆ ಮಾಡಿ ಹುಡುಕಿಕೊಂಡು ಅವನು ಇಳಿಯತೊಡಗಿದ.

ಬಹಳ ಹೊತ್ತು ಬರಿಗೈಯಲ್ಲಿ ಕೆಲಸ ಮಾಡಿ ಮಾರ್ಲಿಸ್‌ಳ ಬೆರಳುಗಳು ಚಳಿಗೆ ಸೆಡೆತುಹೋಗಿದ್ದವು. ತೋಟಾಗಳು ಅಪ್ಪನ ಮೈಯ ಶಾಖಕ್ಕೆ ಬೆಚ್ಚಗಿದ್ದಿರಬೇಕು, ಅವಳಿಗೆ ತಿಳಿಯಲಿಲ್ಲ. ಬೆರಳು ಮಡಚಿದಳು. ಮಡಚಿದವೋ ಇಲ್ಲವೋ ಎಂದು, ಕೈಯನ್ನು ಕಣ್ಣಿನ ಹತ್ತಿರ ತಂದು, ನೋಡಿ ಖಾತ್ರಿ ಮಾಡಿಕೊಂಡಳು.